ಚೆಲ್ಲುವ ಪುಡಿ, ತಪ್ಪುವ ತೂಕ

ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಕೊನೆಗೊಂಡ ಮೇಲೆ ಬೆಳೆಗಾರನು ತನ್ನ ಫಸಲಿಗೆ ತಾನೇ ಗಿರಾಕಿ ಹುಡುಕಬೇಕಾಯಿತು. ಅಡಿಕೆ ಬೆಳೆಗಾರರ ಕ್ಯಾಂಪ್ಕೊ ಅದಕ್ಕೂ ಮೊದಲೇ, 1986ರಲ್ಲಿ, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದು, ರೈತರ ಸಂಸ್ಥೆಯೊಂದು ಪೊಟ್ಟಣದ ಸರಕನ್ನೂ ಮಾರಬಲ್ಲುದೆಂದು ತೋರಿಸಿಕೊಟ್ಟಿತ್ತು. ಸಣ್ಣ ಸಂಘಗಳು ತಾವೇ ಕಾಫಿ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರುವುದು ಒಳ್ಳೆಯ ಮಾರ್ಗವೆಂದೇ ನಮ್ಮ ಅಭಿಪ್ರಾಯ. ಆದರೆ ಪೊಟ್ಟಣ ಕಟ್ಟುವ ಕೋಣೆಯಲ್ಲಿ ಎರಡು ದೂರುಗಳು ತಪ್ಪುವುದಿಲ್ಲ. ಒಂದು, ಪುಡಿ ಚೆಲ್ಲುತ್ತದೆ. ಇನ್ನೊಂದು, ಒಂದು ಪೊಟ್ಟಣದ ತೂಕ ಇನ್ನೊಂದಕ್ಕಿಲ್ಲ. ಎರಡಕ್ಕೂ ಯಂತ್ರವನ್ನು ಬೈದು, ಹೊಸ ಯಂತ್ರಕ್ಕೆ ಸಾಲದ ಅರ್ಜಿ ಬರೆಯುವುದು ವಾಡಿಕೆಯಾಗುತ್ತಿದೆ. ಇದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಸಾಮಾನ್ಯವಾಗಿ ನಾವು ಕೊಳ್ಳುವ ಅಗ್ಗದ ಯಂತ್ರ ಪುಡಿಯನ್ನು ತೂಗುವುದೇ ಇಲ್ಲ, ಅಳೆಯುತ್ತದೆ. ಹಾಪರಿನಿಂದ ಇಳಿದ ಪುಡಿ ತಿರುಗುವ ತಟ್ಟೆಯ ಕಪ್ಪುಗಳಲ್ಲಿ ತುಂಬುತ್ತದೆ, ಬ್ರಷ್ಷು ಮೇಲಿನದನ್ನು ಸವರುತ್ತದೆ, ಮುಂದಿನ ಹೆಜ್ಜೆಯಲ್ಲಿ ಕಪ್ಪಿನ ಬಾಯಿ ತೆರೆದು ಪುಡಿ ಪೊಟ್ಟಣಕ್ಕೆ ಬೀಳುತ್ತದೆ. ಸೇರಿನಿಂದ ಅಕ್ಕಿ ಅಳೆದಂತೆಯೇ. ಸೇರು ಅದೇ ಆದರೂ ಅಕ್ಕಿಯನ್ನು ಕುಲುಕಿ ತುಂಬಿದರೆ ಒಂದು ತೂಕ, ಸುರಿದು ತುಂಬಿದರೆ ಇನ್ನೊಂದು. ಬಂದೂಕಿನ ತೋಟಾಗಳಿಗೆ ಮದ್ದು ತುಂಬುವ ಯಂತ್ರಗಳಿಗೂ ಇದೇ ರೋಗವಿದೆ. ಅಲ್ಲಿ ಅಳತೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರವಾದ್ದರಿಂದ, ತಿಳಿದವರು ಆಗಾಗ ತಕ್ಕಡಿಗೆ ಹಾಕಿ ನೋಡದೆ ಮುಂದುವರಿಯುವುದಿಲ್ಲ. ನಮ್ಮಲ್ಲಿ ಹೋಗುವುದು ಹೆಸರು ಮಾತ್ರ, ಆದಕಾರಣವೇ ಉದಾಸೀನ.

ಆದುದರಿಂದ ಸ್ಕ್ರೂ ತಿರುಗಿಸುವ ಮೊದಲು ತೂಗಿರಿ. ಖಾಲಿ ಪೊಟ್ಟಣದ ತೂಕ ಕಳೆದು, ಸಾಲಾಗಿ ಬಂದ ಇಪ್ಪತ್ತು ಪೊಟ್ಟಣಗಳ ತೂಕವನ್ನು ಬಂದ ಕ್ರಮದಲ್ಲೇ ಬರೆಯಿರಿ. ಆ ಇಪ್ಪತ್ತು ಅಂಕಿಗಳು ಮೆಕ್ಯಾನಿಕ್ಕನಿಗಿಂತ ಹೆಚ್ಚು ಹೇಳುತ್ತವೆ. ಎಲ್ಲವೂ ಒಂದೇ ಸಮ ಕಡಿಮೆಯಿದ್ದರೆ ಕಪ್ಪಿನ ಅಳತೆ ಹೆಚ್ಚಿಸಿದರೆ ಸಾಕು. ನಾಲ್ಕು ಕಪ್ಪಿನ ತಟ್ಟೆಯಲ್ಲಿ ಪ್ರತಿ ನಾಲ್ಕನೆಯ ಪೊಟ್ಟಣ ಮಾತ್ರ ಕಡಿಮೆ ಬಂದರೆ, ಒಂದು ಕಪ್ಪಿನಲ್ಲಿ ಪುಡಿ ಅಂಟಿ ಗಟ್ಟಿಯಾಗಿದೆ ಅಥವಾ ಅದರ ಬಾಯಿ ಪೂರ್ತಿ ತೆರೆಯುತ್ತಿಲ್ಲ. ಯಾವ ಕ್ರಮವೂ ಇಲ್ಲದೆ ಮೇಲೆ ಕೆಳಗೆ ಓಡಾಡಿದರೆ ದೋಷ ಯಂತ್ರದ್ದಲ್ಲ, ಪುಡಿಯದು. ಆಗ ಸ್ಕ್ರೂ ತಿರುಗಿಸಿದಷ್ಟೂ ಕೆಡುತ್ತದೆ.

ಪುಡಿಯ ದೋಷವೆಂದರೇನು? ಆಗತಾನೆ ಬೀಸಿದ ಪುಡಿಯಲ್ಲಿ ಗಾಳಿ ತುಂಬಿರುತ್ತದೆ, ಕಪ್ಪು ತುಂಬಿದರೂ ತೂಕ ಬಾರದು. ಕೆಲವು ಗಂಟೆ ಬಿಟ್ಟರೆ ಪುಡಿ ಕೂತುಕೊಳ್ಳುತ್ತದೆ, ಹುರಿದಾಗ ಹುಟ್ಟಿದ ಗ್ಯಾಸೂ ಒಂದಿಷ್ಟು ಹೋಗುತ್ತದೆ. (ಪರಿಮಳವೂ ಸ್ವಲ್ಪ ಹೋಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಮುಚ್ಚಿದ ಡಬ್ಬಿಯಲ್ಲಿಡಿ.) ಹಾಪರ್ ತುಂಬಿದಾಗ ಮೇಲಿನ ಭಾರಕ್ಕೆ ಕಪ್ಪಿನೊಳಗೆ ಪುಡಿ ಒತ್ತಿ ಕೂರುತ್ತದೆ, ತಳಮುಟ್ಟಿದಾಗ ಸಡಿಲವಾಗುತ್ತದೆ. ಬೆಳಿಗ್ಗೆ ಒಮ್ಮೆ ಕಂಠಮಟ್ಟ ಸುರಿದು ಮಧ್ಯಾಹ್ನದವರೆಗೆ ಮರೆಯುವ ಪದ್ಧತಿಯನ್ನು ಮೊದಲು ಬಿಡಬೇಕು. ಅರ್ಧಕ್ಕೆ ಗೆರೆ ಎಳೆದು, ಆಗಾಗ ಸ್ವಲ್ಪ ಸ್ವಲ್ಪ ಸುರಿಯುತ್ತಾ ಅದೇ ಮಟ್ಟ ಕಾಯಬೇಕು. ಇನ್ನು ಚಿಕೋರಿ. ಮಳೆಗಾಲದಲ್ಲಿ ಅದು ಗಾಳಿಯ ತೇವ ಹೀರಿ ಉಂಡೆಗಟ್ಟುತ್ತದೆ, ಹಾಪರಿನೊಳಗೆ ಕಮಾನು ಕಟ್ಟಿ ನಿಲ್ಲುತ್ತದೆ, ಕೆಳಗೆ ಕಪ್ಪು ಖಾಲಿ ತಿರುಗುತ್ತದೆ. ಚಿಕೋರಿಯ ಪ್ರಮಾಣ ಬದಲಾದಾಗಲೆಲ್ಲ ಕಪ್ಪನ್ನು ಹೊಸದಾಗಿ ಅಳವಡಿಸಬೇಕು. ಶುದ್ಧ ಕಾಫಿಗೆ ಹೊಂದಿದ ಅಳತೆ ಮಿಶ್ರಣಕ್ಕೆ ಹೊಂದದು.

ಚೆಲ್ಲುವುದರ ಕಾರಣ ಚೆಲ್ಲಿದ ಜಾಗದಲ್ಲೇ ಇದೆ. ಬ್ರಷ್ಷಿನ ಸುತ್ತ ಬಿದ್ದಿದ್ದರೆ ಹಾಪರಿಗೂ ತಟ್ಟೆಗೂ ನಡುವಿನ ಸಂದು ಹೆಚ್ಚಾಗಿದೆ ಅಥವಾ ಬ್ರಷ್ಷು ಸವೆದಿದೆ. ಪೊಟ್ಟಣದ ಅಂಚಿನಲ್ಲಿ ಪುಡಿ ಸಿಕ್ಕಿ ಸೀಲು ಬಿಡುತ್ತಿದ್ದರೆ, ಪುಡಿ ಪೂರ್ತಿ ಇಳಿಯುವ ಮೊದಲೇ ಬಿಸಿ ಪಟ್ಟಿ ಮುಚ್ಚುತ್ತಿದೆ. ವೇಗ ತಗ್ಗಿಸಿ ನೋಡಿ. ಒಣ ಹವೆಯಲ್ಲಿ ಪುಡಿ ಲಾಳಿಕೆಗೂ ಪೊಟ್ಟಣದ ಒಳಮೈಗೂ ಅಂಟುವುದು ಸ್ಥಿರವಿದ್ಯುತ್ತಿನಿಂದ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೀಸುವ ಮುನ್ನ ಬೀಜಕ್ಕೆ ತುಸು ನೀರು ಸೇರಿಸಿದರೆ ಈ ವಿದ್ಯುತ್ತು ತಗ್ಗುವುದು ಕಂಡಿತು. ಅದು ಕೂಡಲೇ ಕುಡಿಯುವ ಕಾಫಿಗೆ ಸರಿ. ತಿಂಗಳುಗಟ್ಟಲೆ ಪೊಟ್ಟಣದಲ್ಲಿರುವ ಪುಡಿಗೆ ನೀರು ಬೇಡ. ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಕೊಡಿಸಿ.

ಈಗ ಹಣದ ಮಾತು. ಕಾನೂನಿನ ಭಯಕ್ಕೆ ಪ್ರತಿ ಪೊಟ್ಟಣಕ್ಕೂ ಒಂದಿಷ್ಟು ಹೆಚ್ಚು ಹಾಕಿಬಿಡೋಣ ಎನ್ನುವುದು ಸುಲಭ. ದಿನಕ್ಕೆ ಸಾವಿರ ಪೊಟ್ಟಣ, ಒಂದೊಂದಕ್ಕೆ 3 ಗ್ರಾಂ ಹೆಚ್ಚು ಎಂದಿಟ್ಟುಕೊಳ್ಳಿ. ದಿನಕ್ಕೆ 3 ಕಿಲೋ, 25 ದಿನ ಕೆಲಸವಾದರೆ ತಿಂಗಳಿಗೆ 75 ಕಿಲೋ ಪುಡಿ ಪುಕ್ಕಟೆ ಹೋಯಿತು. ಅದು ಸದಸ್ಯರ ಬೋನಸ್ಸು. ಇದಕ್ಕೆ ವಿರುದ್ಧವಾದ ವಾದವೂ ಕಿವಿಗೆ ಬೀಳುತ್ತದೆ: 2011ರ ಪೊಟ್ಟಣ ಸಾಮಗ್ರಿಗಳ ನಿಯಮದಂತೆ 200 ಗ್ರಾಮಿನ ಪೊಟ್ಟಣಕ್ಕೆ 9 ಗ್ರಾಂ ವ್ಯತ್ಯಾಸಕ್ಕೆ ಅವಕಾಶವಿದೆಯಲ್ಲ, 195 ತುಂಬಿದರೇನು? ಇದು ನಿಯಮದ ಅರ್ಧ ಓದು. ಆ ಅವಕಾಶ ಬಿಡಿ ಪೊಟ್ಟಣಕ್ಕೆ. ಪರೀಕ್ಷೆಗೆ ತೆಗೆದ ಪೊಟ್ಟಣಗಳ ಸರಾಸರಿ 200ಕ್ಕಿಂತ ಕಡಿಮೆಯಾಗಕೂಡದು. ಮೇಲಾಗಿ, ನಮ್ಮ ಪೊಟ್ಟಣ ಮಲೆನಾಡು ದಾಟಿ ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿಯಂಥ ಊರಿಗೆ ಹೋಗಬೇಕೆಂಬ ಆಸೆ ನಮಗಿದೆ. ಅದು ಚಹಾ ಕುಡಿಯುವ ಸೀಮೆ. ಅಲ್ಲಿಯ ಅಂಗಡಿಕಾರ ಹೊಸ ಸರಕನ್ನು ಮೊದಲು ತನ್ನ ತಕ್ಕಡಿಗೆ ಇಡುತ್ತಾನೆ. ಸೀಲಿನಿಂದ ಪುಡಿ ಉದುರಿದ್ದರೆ, ತೂಕ 190 ಎಂದಿದ್ದರೆ, ನಿಯಮದ ಪುಸ್ತಕ ಹಿಡಿದು ಅವನೊಡನೆ ವಾದಿಸಲು ಯಾರು ಹೋಗುತ್ತಾರೆ?

ಹೊಸ ಯಂತ್ರದ ಸಾಲಕ್ಕೆ ಮೊದಲು ಮೂರು ಸಣ್ಣ ಖರ್ಚುಗಳಿಗೆ ಆಡಳಿತ ಮಂಡಳಿಗಳು ಮಂಜೂರಾತಿ ಕೊಡಲಿ: ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಒಂದು ತಕ್ಕಡಿ, ಒಂದು ಜೊತೆ ಹೊಸ ಬ್ರಷ್ಷು, ಒಂದು ರಿಜಿಸ್ಟರು. ಗಂಟೆಗೊಮ್ಮೆ ಐದು ಪೊಟ್ಟಣಗಳ ತೂಕವೂ, ಸಂಜೆ ನೆಲದಿಂದ ಗುಡಿಸಿದ ಪುಡಿಯ ತೂಕವೂ ಅದರಲ್ಲಿ ಏರಲಿ. ಗುಡಿಸಿದ್ದು ಹಾಪರಿಗೆ ವಾಪಸು ಹೋಗಕೂಡದು, ಗೊಬ್ಬರದ ಗುಂಡಿಗೆ ಹೋಗಲಿ. ಮೂರು ತಿಂಗಳ ರಿಜಿಸ್ಟರು ಮುಂದಿಟ್ಟುಕೊಂಡು ಯಂತ್ರ ಬೇಕೋ ಬೇಡವೋ ಎಂದು ಮಹಾಸಭೆಯಲ್ಲಿ ಚರ್ಚಿಸೋಣ.