ಎರಡು ಬುಟ್ಟಿ, ಏಳು ಬಗೆ

ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗೆ ಬಟ್ಟೆಚೀಲ ಹಿಡಿದು ಹೋಗುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ಎಣ್ಣೆಗೆ ಮನೆಯಿಂದಲೇ ಡಬ್ಬಿ ಒಯ್ಯುತ್ತಿದ್ದೆವು. ಮದುವೆಯೂಟಕ್ಕೆ ಮುತ್ತುಗದೆಲೆ ಇತ್ತು. ಒಡೆದ ಪ್ಲಾಸ್ಟಿಕ್ ಕೊಡವನ್ನು ಕೂಡ ಯಾರೂ ಬೀದಿಗೆ ಎಸೆಯುತ್ತಿರಲಿಲ್ಲ. ಗುಜರಿಯವನು ಅದನ್ನು ತೂಗಿಕೊಂಡು ಬೆಳ್ಳುಳ್ಳಿಯನ್ನೋ ಈರುಳ್ಳಿಯನ್ನೋ ಕೊಟ್ಟು ಹೋಗುತ್ತಿದ್ದ.

ಆಮೇಲೆ ಕವರುಗಳು ಬಂದವು, ಅವುಗಳ ಹಿಂದೆಯೇ ಕಾಯಿದೆಗಳೂ ಬಂದವು. ಕೈಚೀಲ ಕನಿಷ್ಠ 20 ಮೈಕ್ರಾನ್ ದಪ್ಪವಿರಬೇಕೆಂದು 1999ರಲ್ಲಿ ಹೇಳಿದರು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2022ರ ಕೊನೆಗೆ 120. ನಡುವೆ 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳನ್ನೇ ನಿಷೇಧಿಸಿತು. ಅಂಕಿ ಏರುತ್ತಲೇ ಹೋಯಿತು, ಹೂವಿನ ಅಂಗಡಿಯ ತೆಳು ಕವರು ಮಾತ್ರ ಕದಲಲಿಲ್ಲ.

ಗಳಿಕೆ ಇಲ್ಲವೆಂದಲ್ಲ. 2016ರ ಕೇಂದ್ರ ನಿಯಮ ಗ್ರಾಮ ಪಂಚಾಯಿತಿಗಳನ್ನೂ ಪ್ಲಾಸ್ಟಿಕ್ ಕಸ ನಿರ್ವಹಣೆಯ ಹೊಣೆಯೊಳಗೆ ತಂದಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಸ್ಟಿಯರಿಂಗ್ ಹಿಡಿದ ಕಸದ ಗಾಡಿಗಳು, ಸ್ವಚ್ಛ ವಾಹಿನಿಗಳು, ರಾಜ್ಯದ ಹಳ್ಳಿಗಳಲ್ಲಿ ಓಡಾಡುತ್ತಿವೆ. ಹಸಿ ಕಸ, ಒಣ ಕಸ ಎಂಬ ಮಾತು ಮನೆಮಾತಾಗಿದೆ. ಆದರೆ ನಾವು ಕಲಿತದ್ದು ಎರಡು ಬುಟ್ಟಿಯ ಪಾಠ. ಪ್ಲಾಸ್ಟಿಕ್ಕಿನಲ್ಲೇ ಏಳು ಬಗೆಯಿದೆ. ಆ ಪಾಠವನ್ನು ಪೌರಕಾರ್ಮಿಕರ ಮತ್ತು ಗುಜರಿ ಕೆಲಸದವರ ಕೈಗೇ ಬಿಟ್ಟುಬಿಟ್ಟೆವು.

ಆ ಕೈಗಳ ತಿಳಿವಳಿಕೆ ಸಣ್ಣದಲ್ಲ. ಹಾಲಿನ ಕವರು, ಗೊಬ್ಬರದ ಚೀಲ, ತೋಟದ ಹನಿ ನೀರಾವರಿ ಪೈಪು ಮೂರನ್ನೂ ಅವರು ಮುಟ್ಟಿಯೇ ಬೇರೆ ಮಾಡುತ್ತಾರೆ. ನೀರಿನ ಬಾಟಲಿಯಿಂದ ಮುಚ್ಚಳ ತಿರುಚಿ ತೆಗೆದು ಇನ್ನೊಂದು ಚೀಲಕ್ಕೆ ಹಾಕುತ್ತಾರೆ, ಏಕೆಂದರೆ ಎರಡರ ಜಾತಿ ಬೇರೆ: ಚೂರು ಮಾಡಿ ನೀರಿಗೆ ಹಾಕಿದರೆ ಮುಚ್ಚಳ ತೇಲುತ್ತದೆ, ಬಾಟಲಿ ಮುಳುಗುತ್ತದೆ. ಬಾಟಲಿಯ ಪ್ಲಾಸ್ಟಿಕ್ ಕರಗಲು ಸುಮಾರು 250 ಡಿಗ್ರಿ ಶಾಖ ಬೇಕು. ಅದರೊಳಗೆ ಪಿವಿಸಿ ಪೈಪಿನ ತುಂಡು ಬೆರೆತರೆ ಅದು ಅಷ್ಟರೊಳಗೇ ಸುಟ್ಟು ಇಡೀ ಮಾಲನ್ನು ಕೆಡಿಸುತ್ತದೆ. ಸಾರು ಮೆತ್ತಿದ ಕವರಿಗಂತೂ ಬೆಲೆಯೇ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಒಂದು ತಂಬಿಗೆ ನೀರಿನಿಂದ ಮುಗಿಯುವ ಕೆಲಸ ಅವರ ಅಂಗಳದಲ್ಲಿ ದಿನದ ಕೂಲಿಯನ್ನೇ ತಿನ್ನುತ್ತದೆ.

ಇಷ್ಟೆಲ್ಲ ಬೇರ್ಪಡಿಸಿದ ಮೇಲೂ ಒಂದು ರಾಶಿ ಉಳಿಯುತ್ತದೆ: ಚಿಪ್ಸ್, ಗುಟ್ಕಾ, ಶಾಂಪೂಗಳ ಹಲವು ಪದರದ ಪೊಟ್ಟಣ. ಮರುಬಳಕೆಯಾಗದ ಇಂಥವನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದು 2016ರ ನಿಯಮ ಬರೆದಿತ್ತು. 2018ರ ತಿದ್ದುಪಡಿ, ಸುಟ್ಟು ಶಾಖ ಪಡೆಯಬಹುದಾದರೆ ಸರಿ ಎಂದು ಆ ಮಾತನ್ನು ಸಡಿಲಿಸಿತು. ಆದರೂ ತಯಾರಕರೇ ಅದನ್ನು ಹಿಂಪಡೆಯಬೇಕೆಂಬ ಹೊಣೆ ನಿಯಮದಲ್ಲಿ ಹಾಗೆಯೇ ಇದೆ. ಮೂರೂ ಊರಿನ ಸ್ಥಳೀಯ ಸಂಸ್ಥೆಗಳು ಒಟ್ಟಾಗಿ, ಆ ರಾಶಿಯನ್ನು ಒಯ್ಯುವ ಲಾರಿಯ ಬಾಡಿಗೆಯನ್ನು ಆ ಕಂಪನಿಗಳಿಂದಲೇ ಕೇಳಬೇಕು.