ತಂತ್ರಾಂಶ ಉಚಿತ, ಅಳವಡಿಕೆ ಯಾರ ಸ್ವತ್ತು?

ಒಂದೇ ಸರ್ವರನ್ನು ಹಲವು ಯಂತ್ರಗಳಂತೆ ಬಳಸಲು ಅನುವು ಮಾಡಿಕೊಡುವ ವಿಎಂವೇರ್ ತಂತ್ರಾಂಶದ ಕಂಪನಿಯನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಸ್ವಾಧೀನಪಡಿಸಿಕೊಂಡಿತು. ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ, ಅವಧಿಗನುಗುಣವಾದ ಚಂದಾ ಪದ್ಧತಿಯನ್ನು ಘೋಷಿಸಲಾಯಿತು. ಒಮ್ಮೆ ಹಣ ತೆತ್ತು ವರ್ಷಗಟ್ಟಲೆ ಬಳಸುತ್ತಿದ್ದ ವಸ್ತು ಮರುಕಳಿಸುವ ವೆಚ್ಚವಾಗಿ ಮಾರ್ಪಟ್ಟಿತು. ಸ್ವಂತ ಸರ್ವರ್‌ಗಳನ್ನು ಹೊಂದಿರುವ ಉದ್ಯಮಗಳು ಓಪನ್ ಸೋರ್ಸ್ ತಂತ್ರಾಂಶಗಳತ್ತ ಹೊರಳಿ ನೋಡಲು ಇದೂ ಒಂದು ಕಾರಣ.

ಅಂತಹ ತಂತ್ರಾಂಶಗಳಲ್ಲಿ ಪ್ರಮುಖವಾದುದು ಓಪನ್‌ಸ್ಟ್ಯಾಕ್. 2010ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಹಾಗೂ ರ‍್ಯಾಕ್‌ಸ್ಪೇಸ್ ಕಂಪನಿ ಜೊತೆಗೂಡಿ ಇದನ್ನು ಆರಂಭಿಸಿದವು. ಇದರ ನೆಟ್‌ವರ್ಕ್ ವಿಭಾಗದ ಹೆಸರು ನ್ಯೂಟ್ರಾನ್. ಪರವಾನಗಿ ಶುಲ್ಕ ಇಲ್ಲ. ಆದರೆ ‘ಉಚಿತ’ ಎಂಬ ಪದವನ್ನು ಕೇಳಿದೊಡನೆ ಖರ್ಚಿನ ಕಲಮನ್ನು ಖಾಲಿ ಬಿಡುವುದು ವಿವೇಕವಲ್ಲ.

ಕೈಕೆಲಸದ ತೊಡಕು

ಒಂದು ಸಣ್ಣ ಕೈಗಾರಿಕಾ ಘಟಕವನ್ನು ಊಹಿಸಿಕೊಳ್ಳೋಣ. ಲೆಕ್ಕಪತ್ರ ವಿಭಾಗ, ವಿನ್ಯಾಸ ನಕ್ಷೆಗಳ ವಿಭಾಗ, ಯಂತ್ರಾಗಾರ ಮತ್ತು ದೂರದ ಗೋದಾಮು, ಈ ನಾಲ್ಕಕ್ಕೂ ಪ್ರತ್ಯೇಕ ಜಾಲ ಬೇಕು. ಗೋದಾಮಿನ ಗಣಕದಿಂದ ಲೆಕ್ಕದ ಪುಸ್ತಕ ತೆರೆಯಬಾರದು. ನ್ಯೂಟ್ರಾನ್ ಇದನ್ನೆಲ್ಲ ಮಾಡಬಲ್ಲದು. ಆದರೆ ಅದಕ್ಕಾಗಿ ದತ್ತಾಂಶ ಕೋಶ, ಸಂದೇಶ ರವಾನೆಯ ವ್ಯವಸ್ಥೆ, ನಿಯಂತ್ರಕ ಹಾಗೂ ಪ್ರತಿ ಸರ್ವರಿನಲ್ಲೂ ಕೆಲಸ ಮಾಡುವ ಸಹಾಯಕ ತಂತ್ರಾಂಶ ಪರಸ್ಪರ ಹೊಂದಿಕೊಂಡಿರಬೇಕು. ಕೈಯಿಂದ ಟೈಪ್ ಮಾಡುವಾಗ ಒಂದು ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೂ ಸಂಪರ್ಕ ಕಡಿಯುತ್ತದೆ. ಎಲ್ಲಿ ತಪ್ಪಿತೆಂಬುದು ಅಳವಡಿಸಿದ ತಂತ್ರಜ್ಞನಿಗೆ ಮಾತ್ರ ತಿಳಿದಿರುತ್ತದೆ. ಆತ ಕೆಲಸ ಬಿಟ್ಟರೆ ಆ ಜ್ಞಾನವೂ ಅವನೊಂದಿಗೆ ಹೊರಟುಹೋಗುತ್ತದೆ.

ಬರೆದಿಟ್ಟ ವಿಧಾನ

ಈ ತೊಡಕಿಗೆ ಪರಿಹಾರವೇ ಸ್ವಯಂಚಾಲಿತ ಅಳವಡಿಕೆ. 2012ರಲ್ಲಿ ಬಂದ ಆನ್ಸಿಬಲ್ ಎಂಬ ಸಾಧನಕ್ಕೆ ಯಾವ ಸರ್ವರಿನಲ್ಲಿ ಏನಿರಬೇಕು ಎಂಬುದನ್ನು ಸರಳ ಕಡತದಲ್ಲಿ ಬರೆದುಕೊಟ್ಟರೆ, ಅದು ಪ್ರತಿ ಸರ್ವರಿಗೂ ಸಂಪರ್ಕ ಸಾಧಿಸಿ ಅದರಂತೆಯೇ ಮಾಡುತ್ತದೆ. ಕಡತವನ್ನು ಸರಿಯಾಗಿ ಬರೆದಿದ್ದರೆ, ಎರಡನೆಯ ಬಾರಿ ಚಲಾಯಿಸಿದಾಗ ವ್ಯತ್ಯಾಸ ಕಂಡದ್ದನ್ನು ಮಾತ್ರ ತಿದ್ದಿ ಉಳಿದದ್ದನ್ನು ಮುಟ್ಟುವುದಿಲ್ಲ. ಇದೇ ಸಾಧನವನ್ನು ಬಳಸಿ ಓಪನ್‌ಸ್ಟ್ಯಾಕನ್ನು ನ್ಯೂಟ್ರಾನ್ ಸಹಿತ ಸ್ಥಾಪಿಸಲು ಕೊಲ್ಲಾ-ಆನ್ಸಿಬಲ್ ಎಂಬ ಸಿದ್ಧ ವ್ಯವಸ್ಥೆಯೂ ಉಚಿತವಾಗಿ ದೊರೆಯುತ್ತದೆ.

ವರ್ತಕರಿಗೆ ಇದರ ಮಹತ್ವ ತಿಳಿಯುವುದು ಕಷ್ಟವಲ್ಲ. ಹಳೆಯ ಗುಮಾಸ್ತನ ನೆನಪಿನಲ್ಲಿದ್ದ ಲೆಕ್ಕಕ್ಕೂ ಖಾತೆಯಲ್ಲಿ ಬರೆದ ಲೆಕ್ಕಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಬರೆದಿಟ್ಟ ವಿಧಾನವನ್ನು ಪರಿಶೀಲಿಸಬಹುದು, ಯಾವ ದಿನ ಯಾರು ಬದಲಿಸಿದರೆಂಬುದನ್ನು ದಾಖಲಿಸಬಹುದು, ಇನ್ನೊಬ್ಬರಿಗೆ ಹಸ್ತಾಂತರಿಸಬಹುದು.

ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರ ಆಗಸ್ಟ್ ತಿದ್ದುಪಡಿಯ ನಂತರ ಕಂಪನಿಗಳ ಲೆಕ್ಕಪತ್ರ ನಿಯಮಗಳು ವಿಧಿಸುತ್ತವೆ. ಬಹಳಷ್ಟು ಉದ್ಯಮಿಗಳು ಇಲ್ಲಿಗೇ ನಿಶ್ಚಿಂತರಾಗುತ್ತಾರೆ. ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖಿನ ಹಿಂದಿನ ದಿನ ಸರ್ವರ್ ಕೆಟ್ಟಿತೆನ್ನೋಣ. ಮಾಹಿತಿಯ ಪ್ರತಿ ಇದೆ, ಆದರೆ ಅದು ನಡೆಯಬೇಕಾದ ಜಾಲವನ್ನು ಮರಳಿ ಕಟ್ಟುವ ವಿಧಾನ ಯಾರಲ್ಲೂ ಇಲ್ಲ. ಪತ್ರಗಳು ಸುರಕ್ಷಿತ, ಕಚೇರಿಯೇ ಕುಸಿದಿದೆ ಎಂಬಂತಹ ಸ್ಥಿತಿ ಇದು. ಮಾಹಿತಿಯಷ್ಟೇ ಜೋಪಾನವಾಗಿ ಅಳವಡಿಕೆಯ ಕಡತಗಳನ್ನೂ ಕಾಪಿಡುವುದು ಅಗತ್ಯ.

ಎಚ್ಚರಿಕೆಯ ಮಾತು

ಸ್ವಯಂಚಾಲನೆಗೆ ತನ್ನದೇ ದೋಷಗಳಿವೆ. ಕಡತದಲ್ಲಿ ಒಂದು ತಪ್ಪಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಎಲ್ಲ ಸರ್ವರ್‌ಗಳಿಗೂ ಹರಡುತ್ತದೆ. ಆದ್ದರಿಂದ ಮೊದಲು ಪ್ರತ್ಯೇಕ ಯಂತ್ರದಲ್ಲಿ ಪರೀಕ್ಷಿಸಬೇಕು. ಪಾಸ್‌ವರ್ಡ್‌ಗಳನ್ನು ಬಯಲಾಗಿ ಬರೆದಿಟ್ಟರೆ ತಿಜೋರಿಯ ಬೀಗದಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ಸಾಧನಗಳ ಷರತ್ತುಗಳೂ ಬದಲಾಗಬಹುದು. ಇಂತಹುದೇ ಕೆಲಸಕ್ಕೆ ಬಳಸುವ ಟೆರಾಫಾರ್ಮ್‌ನ ಪರವಾನಗಿಯನ್ನು ಅದರ ಒಡೆತನದ ಹಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಬಿಗಿಗೊಳಿಸಿತು. ಹಿಂದಿನ ಮುಕ್ತ ಪ್ರತಿಯಿಂದಲೇ ಓಪನ್‌ಟೋಫು ಎಂಬ ಬೇರೆ ಸಾಧನ ಹುಟ್ಟಿತು. ಕಂಪನಿ ಮನಸ್ಸು ಬದಲಿಸಿದರೂ ಒಮ್ಮೆ ಮುಕ್ತವಾಗಿ ಬಿಡುಗಡೆಯಾದ ಪ್ರತಿ ಬಳಕೆದಾರರ ಕೈಯಲ್ಲೇ ಉಳಿಯುತ್ತದೆಂಬುದು ಇದರಿಂದ ಸ್ಪಷ್ಟ. ಹಾಗೆಂದು ಒಂದೆರಡು ಸರ್ವರ್ ಇರುವ ಅಂಗಡಿಗೆ ಓಪನ್‌ಸ್ಟ್ಯಾಕ್ ಬೇಕಿಲ್ಲ. ಅದರ ಖರ್ಚು ಲಾಭವನ್ನೇ ನುಂಗುತ್ತದೆ.

ಅಳವಡಿಕೆಯನ್ನು ಹೊರಗಿನವರಿಗೆ ವಹಿಸುವ ಉದ್ಯಮಿ ಒಪ್ಪಂದದಲ್ಲಿ ಮೂರು ಷರತ್ತುಗಳನ್ನು ಸೇರಿಸುವುದು ಲೇಸು. ಮೊದಲನೆಯದಾಗಿ, ಅಳವಡಿಕೆಯ ಕಡತಗಳೆಲ್ಲವೂ ಉದ್ಯಮದ ಸ್ವತ್ತಾಗಿರಬೇಕು. ಎರಡನೆಯದಾಗಿ, ಅಂತಿಮ ಕಂತಿನ ಪಾವತಿಗೆ ಮುನ್ನ ಖಾಲಿ ಯಂತ್ರದ ಮೇಲೆ ಆ ಕಡತಗಳಿಂದಲೇ ಇಡೀ ವ್ಯವಸ್ಥೆಯನ್ನು ಮರಳಿ ಕಟ್ಟಿ ತೋರಿಸಬೇಕು. ಮೂರನೆಯದಾಗಿ, ವರ್ಷಕ್ಕೊಮ್ಮೆ ಆ ಪರೀಕ್ಷೆಯನ್ನು ಪುನರಾವರ್ತಿಸಬೇಕು. ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ವರ್ತಕನಿಗೆ ಇದು ಹೊಸ ಶಿಸ್ತೇನಲ್ಲ. ತಂತ್ರಾಂಶಕ್ಕೆ ಉಳಿಸಿದ ಹಣದ ಒಂದು ಪಾಲನ್ನು ಈ ಶಿಸ್ತಿಗೆ ವ್ಯಯಿಸಿದವರಿಗೆ ಮಾತ್ರ ‘ಉಚಿತ’ ಎಂಬ ಪದದ ನಿಜವಾದ ಲಾಭ ದಕ್ಕುತ್ತದೆ.