ಬಟ್ಟೆಯ ಅಂಚು ಕಸಕ್ಕಲ್ಲ, ಸಂಚಿಗೆ

ಹೈದರಾಬಾದಿನ ಅಬಿಡ್ಸ್‌ನಲ್ಲಿ ಪ್ಯಾಂಟಿನ ಬಟ್ಟೆ ಕೊಳ್ಳಲು ಹೋದ ಅನುಭವಸ್ಥರು ಥಾನನ್ನು ಬಿಚ್ಚಿಸಿ ಮೊದಲು ನೋಡುವುದು ಅಂಚನ್ನು. ಮಿಲ್ಲಿನ ಹೆಸರು ಅಲ್ಲೇ ನೇಯ್ದಿರುತ್ತದೆ ಇಲ್ಲವೇ ಅಚ್ಚಾಗಿರುತ್ತದೆ. ಅದೇ ಬಟ್ಟೆ ಟೈಲರ್ ಮೇಜಿಗೆ ಬಂದರೆ ಮೊದಲು ಕತ್ತರಿಗೆ ಸಿಗುವುದೂ ಹೆಚ್ಚಾಗಿ ಆ ಅಂಚೇ. ಒಗೆದಾಗ ಅದು ಉಳಿದ ಬಟ್ಟೆಗಿಂತ ಬೇರೆಯಾಗಿ ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ ಎಂಬ ಟೈಲರ್‌ಗಳ ಲೆಕ್ಕ ಸರಿಯಾದದ್ದೇ. ಆದರೆ ಉಡುಪಿಗೆ ಬೇಡವಾದದ್ದು ಯಾತಕ್ಕೂ ಬೇಡ ಎಂದು ಚಿಂದಿಯ ಮೂಟೆಗೆ ತುಂಬುವುದು ಸರಿಯಲ್ಲ. ಈ ಪಟ್ಟಿಗಳನ್ನು ಕೂಡಿಟ್ಟು ಸಣ್ಣ ಸಣ್ಣ ಸಾಮಾನು ಹೊಲಿಯುವುದನ್ನು ಬಿಡುವಿನ ಹವ್ಯಾಸ ಎಂದು ಬದಿಗಿಡಬಾರದು. ನಗರದ ಮನೆಗಳಲ್ಲಿ ನಮ್ಮ ಕೌದಿಯ ಕಸುಬು ಉಳಿಯಲು ಇಂದು ಅದೇ ಸರಿಯಾದ ದಾರಿ ಎಂಬುದು ನನ್ನ ವಾದ.

ಅಂಚು ಬಟ್ಟೆಯ ಗಟ್ಟಿ ಭಾಗ. ಲಾಳಿ ಓಡುವ ಮಗ್ಗದಲ್ಲಿ ಹೊಕ್ಕಿನ ನೂಲು ಅಂಚಿಗೆ ಬಂದು ಹಿಂದಕ್ಕೆ ತಿರುಗುತ್ತದೆ, ಹಾಸಿನ ಎಳೆಗಳನ್ನೂ ಅಲ್ಲಿ ಒತ್ತಾಗಿ ಹಾಕಿರುತ್ತಾರೆ. ಹಾಗಾಗಿ ಎಳೆ ಬಿಚ್ಚಿಕೊಳ್ಳುವುದಿಲ್ಲ. ಲಾಳಿಯಿಲ್ಲದ ಈಗಿನ ಮಗ್ಗಗಳಲ್ಲಿ ಹೊಕ್ಕು ಪ್ರತಿ ಸಲ ತುಂಡಾಗುವುದರಿಂದ ಅಂಚನ್ನು ಬೇರೆಯಾಗಿ ಬಿಗಿದು ಕಟ್ಟಬೇಕು, ಹೊರಗೆ ಸಣ್ಣ ಕುಚ್ಚು ಉಳಿಯುತ್ತದೆ. ಅಚ್ಚು ಹಾಕಿದ ಹತ್ತಿ ಬಟ್ಟೆಯ ಅಂಚಿನಲ್ಲಿ ಎಷ್ಟೋ ಸಲ ಬಣ್ಣದ ಚುಕ್ಕೆಗಳ ಸಾಲು ಕಾಣುತ್ತದೆ; ಬಳಸಿದ ಒಂದೊಂದು ಬಣ್ಣಕ್ಕೂ ಒಂದೊಂದು ಚುಕ್ಕೆ. ಪಕ್ಕದಲ್ಲೇ, ಒಣಗಿಸುವಾಗ ಯಂತ್ರದ ಮುಳ್ಳುಗಳು ಬಟ್ಟೆಯನ್ನು ಹಿಡಿದೆಳೆದ ತೂತುಗಳು. ಇಂಥ ಪಟ್ಟಿಯನ್ನು ಹೊಲಿಯುವ ಕ್ರಮ ತುಂಬ ಸರಳ. ಅಂಚಿಗೆ ಒಂದಿಂಚಿನಷ್ಟು ಬಟ್ಟೆ ಸೇರಿಸಿಯೇ ಕತ್ತರಿಸಬೇಕು. ಹಳೆಯ ಮಾಂಜರಪಾಟಿನ ತುಂಡೊಂದನ್ನು ತಳಕ್ಕೆ ಹಾಸಿ, ಮೊದಲ ಪಟ್ಟಿಯ ಕತ್ತರಿಸಿದ ಬದಿಯನ್ನು ಮುಚ್ಚುವಂತೆ ಎರಡನೆಯದರ ನೇಯ್ದ ಅಂಚನ್ನು ಕೂರಿಸಿ, ಅಂಚಿನ ಗುಂಟ ಒಂದು ಹೊಲಿಗೆ ಹಾಕಿದರೆ ಆಯಿತು. ಮೂರನೆಯದು ಎರಡನೆಯದರ ಮೇಲೆ. ಅಂಚು ಬಿಚ್ಚುವುದಿಲ್ಲವಾದ್ದರಿಂದ ಒಳಕ್ಕೆ ಮಡಚುವ ಗೋಜಿಲ್ಲ. ಹೊಲಿಗೆ ಕಲಿಯುವ ಮಕ್ಕಳ ಕೈಗೆ ಇದಕ್ಕಿಂತ ಸುಲಭದ ಕೆಲಸ ಕೊಡುವುದು ಕಷ್ಟ.

ಇನ್ನು ಕೌದಿಯ ಮಾತು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯ ಕನ್ನಡ ಮನೆತನಗಳು ಹೈದರಾಬಾದ್ ನಗರದಲ್ಲಿ ನೆಲೆನಿಂತದ್ದು ಸಹಜ. ಅಬಿಡ್ಸ್‌ಗೆ ಹತ್ತಿರದ ಕಾಚಿಗೂಡದಲ್ಲಿ ಕನ್ನಡಿಗರ ನೃಪತುಂಗ ಶಾಲೆ ಇರುವುದೂ ಅದಕ್ಕಾಗಿಯೇ. ಅಂಥ ಮನೆಗಳಿಗೆ ಕೌದಿಯ ಪರಿಚಯ ಮಾಡಿಕೊಡಬೇಕಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ದಾರ ಹಾಕುವ ಕೆಲಸ ಅದು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಹೊರಟು, ಬದಿಯ ಗುಂಟ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಹೂವಿನಂತೆ ಮಡಚಿದ ತ್ರಿಕೋನದ ತುಂಡು ಇಡದೆ ಅವರ ಕೌದಿ ಪೂರ್ತಿಯಾಗದು. ಈ ಕಲೆಗೆ ಎರಡು ಅನುಕೂಲ ಬೇಕು: ಸವೆದ ಹತ್ತಿ ಬಟ್ಟೆ ಮತ್ತು ಹಾಸಲು ನೆಲ. ನಗರದಲ್ಲಿ ಎರಡೂ ಇಲ್ಲ. ಪಾಲಿಯೆಸ್ಟರ್ ಸೀರೆ ಎಷ್ಟು ವರ್ಷ ಉಟ್ಟರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆಳುದ್ದದ ಕೌದಿ ಹರವಿ ತಿಂಗಳುಗಟ್ಟಲೆ ಬಿಡಲು ಯಾರಿಗೆ ಸಾಧ್ಯ? ಹಾಗೆಂದು ಕಲೆಯನ್ನು ಕೈಬಿಡಬೇಕೇ? ಕೌದಿ ಹೊಲಿದ ಕೈಗಳೇ ಎಲೆಅಡಿಕೆಯ ಸಂಚಿಯನ್ನೂ ಕೂಸಿನ ಕುಂಚಿಗೆಯನ್ನೂ ಹೊಲಿದಿವೆ. ಒಂದರೊಳಗೊಂದು ಜೇಬಿಟ್ಟು, ಎಲೆಗೆ ಬೇರೆ, ಸುಣ್ಣದ ಡಬ್ಬಿಗೆ ಬೇರೆ, ಚಿಲ್ಲರೆ ಕಾಸಿಗೆ ಬೇರೆ ಜಾಗ ಮಾಡಿ ಲಾಡಿ ಎಳೆಯುವ ಸಂಚಿಯಲ್ಲಿ ಇರುವ ಜಾಣ್ಮೆ ದೊಡ್ಡ ಕೌದಿಯದಕ್ಕಿಂತ ಕಡಿಮೆಯದೇನಲ್ಲ. ಫೋನಿನ ಚೀಲ, ಕನ್ನಡಕದ ಚೀಲ, ಬಿಸಿ ಪಾತ್ರೆ ಹಿಡಿಯುವ ದಪ್ಪ ಬಟ್ಟೆ ಇವೆಲ್ಲ ಅದೇ ಸಂಚಿಯ ವಂಶದವು. ತೊಡೆಯ ಮೇಲಿಟ್ಟು ಹೊಲಿಯಬಹುದು. ಇಷ್ಟಕ್ಕೆ ಬೇಕಾದ ಬಟ್ಟೆ ಟೈಲರ್ ಮೇಜಿನ ಕೆಳಗೆ ಬಿದ್ದಿದೆ.

ಪರಿಸರ ಉಳಿಸುತ್ತೇವೆ ಎಂಬ ಹೆಸರಿನಲ್ಲಿ ಮಾತ್ರ ಈ ಕೆಲಸವನ್ನು ಹೊಗಳಬಾರದು. ಫ್ಯಾಷನ್ ಫಾರ್ ಗುಡ್ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆ. ಇದರ ಮುಂದೆ ಬೆರಳಗಲದ ಪಟ್ಟಿಗಳ ತೂಕ ಎಷ್ಟರದು ಎಂದು ಕೇಳುವವರ ಮಾತು ನಿಜ. ಕಸದ ಬೇರಿರುವುದು ಕೊಳ್ಳುವ ಚಟದಲ್ಲಿ, ಅದರ ಹಳೆಯ ಕಥೆಯೊಂದು ಈ ಪೇಟೆಗೂ ಅಂಟಿದೆ. ಅಬಿಡ್ಸ್‌ಗೆ ಹೆಸರು ಬಂದದ್ದು ಆರನೇ ನಿಜಾಮ ಮಹಬೂಬ್ ಅಲಿ ಖಾನರ ಬಳಿ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಇಲ್ಲಿ ತೆರೆದ ಅಂಗಡಿಯಿಂದ. ಒಮ್ಮೆ ತೊಟ್ಟದ್ದನ್ನು ಮತ್ತೆ ತೊಡುತ್ತಿರಲಿಲ್ಲ ಎಂದು ಪ್ರತೀತಿ ಇರುವ ಆ ದೊರೆಯ ಉದ್ದನೆಯ ಉಡುಪಿನ ಕೋಣೆ ಪುರಾನಿ ಹವೇಲಿಯಲ್ಲಿ ಇಂದಿಗೂ ಇದೆ. ಅಂದು ದೊರೆಯೊಬ್ಬನಿಗಿದ್ದ ರೂಢಿ ಇಂದು ಸೇಲ್ ಬೋರ್ಡಿನ ಮುಂದೆ ನಿಂತ ಎಲ್ಲರದೂ ಆಗುತ್ತಿದೆ, ಅದನ್ನು ಸಂಚಿಯೊಂದು ತಡೆಯಲಾರದು. ಆದರೆ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊಲಿದವರಿಗೆ ಹತ್ತಿ ಯಾವುದು, ಮಿಶ್ರಣ ಯಾವುದು, ನೇಯ್ಗೆ ಸಡಿಲವೋ ಬಿಗಿಯೋ ಗೊತ್ತಾಗುತ್ತದೆ. ಮುಂದಿನ ಸಲ ಬಟ್ಟೆ ಕೊಳ್ಳುವಾಗ ಆ ತಿಳಿವಳಿಕೆ ಜೊತೆಗಿರುತ್ತದೆ.

ಬೇಗಂ ಬಜಾರಿನಲ್ಲಿ ಅಗ್ಗಕ್ಕೆ ಚೀಲ ಸಿಗುವಾಗ ಇಷ್ಟು ಹೊತ್ತು ಕಳೆಯುವುದೇಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಬಾಡಿಗೆ, ಮಕ್ಕಳ ಫೀಸು ಎಂದು ದಿನವಿಡೀ ದುಡಿಯುವ ಹೆಂಗಸಿಗೆ ಇದನ್ನು ಕರ್ತವ್ಯವೆಂದು ಹೇರಿದರೆ ಅನ್ಯಾಯ. ಬಿಟ್ಟಿ ದುಡಿಮೆಯ ಪಟ್ಟಿ ಅವಳಿಗೆ ಈಗಾಗಲೇ ಉದ್ದವಿದೆ. ಮಾರುವುದಾದರೆ ಹೊಲಿದ ಗಂಟೆಗಳಿಗೆ ತಕ್ಕ ಬೆಲೆ ಕೇಳಲೇಬೇಕು, ಚಿಂದಿಯಿಂದ ಮಾಡಿದ್ದಲ್ಲವೇ ಎಂದು ಚೌಕಾಸಿಗೆ ಇಳಿಯುವವರಿಗೆ ಕೊಡಬಾರದು. ಹೊಲಿಯುವ ಆಸೆಯಿದ್ದೂ ಬಟ್ಟೆಗೆ ದುಡ್ಡು ಹಾಕಲಾಗದವರು, ಶಾಲೆಯ ಮಕ್ಕಳು, ಕೈ ಇನ್ನೂ ಗಟ್ಟಿಯಿರುವ ಹಿರಿಯರು: ನಾನು ಹೇಳುತ್ತಿರುವುದು ಇವರ ಸಲುವಾಗಿ. ಟೈಲರ್‌ಗಳು ಮೇಜಿನ ಕೆಳಗೆ ಅಂಚಿಗೆಂದೇ ಎರಡು ಚೀಲ ಇಟ್ಟರೆ ಸಾಕು, ಹತ್ತಿಗೆ ಒಂದು, ಸೂಟಿಂಗ್‌ಗೆ ಒಂದು. ಎರಡೂ ಬೆರೆತರೆ ಇಸ್ತ್ರಿಯ ಶಾಖದಲ್ಲಿ ಕೆಲಸ ಕೆಡುತ್ತದೆ. ಚಿಂದಿ ಆಯ್ದು ಬದುಕುವವರ ಪಾಲು ಇದರಿಂದ ಕಡಿಮೆಯಾಗಬಾರದು, ಆದ್ದರಿಂದ ಅಂಚು ಒಯ್ಯುವವರು ಅದನ್ನು ತೂಕ ಮಾಡಿ, ಚಿಂದಿ ಆಯುವವರಿಗೆ ಸಿಗುತ್ತಿದ್ದ ದರವನ್ನೇ ಅವರ ಕೈಗೇ ಕೊಟ್ಟು ಒಯ್ಯಲಿ.